ಕ್ಯೂನಲ್ಲಿ ನಿಂತಿದ್ದ ಮನೆ

ಕಳೆದ ಬೇಸಿಗೆ ರಜೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಮಧುಗಿರಿಯಿಂದ ಮಡಿಕೇರಿಗೆ ಹೋಗಿದ್ದೆ. ರಾಜಾಸೀಟು ನೋಡಿದ ಮೇಲೆ ಜನರಲ್ ತಿಮ್ಮಯ್ಯ ಮ್ಯೂಸಿಯಂ ನೋಡಲೇಬೇಕೆಂದು ಮಕ್ಕಳು ಹಟ ಹಿಡಿದರು. ಅಲ್ಲಿ ಯುದ್ಧದ ಟ್ಯಾಂಕ್ ಇಟ್ಟಿದ್ದಾರೆಂದು ಯಾರೋ ಹೇಳಿದ್ದರಂತೆ.

ಗೇಟು ದಾಟಿ ಆ ಹಂಚಿನ ಮಾಡು ಕಂಡದ್ದೇ ತಡ, ನಾನು ನಿಂತುಬಿಟ್ಟೆ.

"ಈ ಮನೆಗೆ ನಾನು ಬಂದಿದ್ದೀನಿ ಕಣ್ರೋ!"

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕೆಲಕಾಲ ಮಡಿಕೇರಿಯಲ್ಲಿದ್ದೆ. ಆಗ ಇದು ಆರ್.ಟಿ.ಓ. ಕಚೇರಿ. ಸಾಲದ ಜೀಪುಗಳ ಕಾಗದಪತ್ರ ಹಿಡಿದು ಎಷ್ಟೋ ಸಲ ಇಲ್ಲಿ ಕ್ಯೂನಲ್ಲಿ ನಿಂತಿದ್ದೆ. ನನ್ನ ಕಣ್ಣೆಲ್ಲ ಕೌಂಟರಿನ ಮೇಲೆ, ಗಡಿಯಾರದ ಮೇಲೆ.

"ಇದು ಯಾರ ಮನೆ ಅಂತ ಕೇಳಲಿಲ್ವಾ ತಾತ?" ಎಂದಳು ಆರನೇ ಕ್ಲಾಸಿನ ಮೊಮ್ಮಗಳು.

ಕೇಳಿರಲಿಲ್ಲ.

ಮಕ್ಕಳೇ, ಬ್ರಿಟಿಷರ ಕಾಲದ ಈ ಬಂಗಲೆಯ ಹೆಸರು 'ಸನ್ನಿಸೈಡ್'. 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬಾಲ್ಯದ ಮನೆ ಇದು. ಮನೆಯವರ ಬಾಯಲ್ಲಿ ಅವರು 'ಡುಬ್ಬು'. ಅಣ್ಣ, ತಮ್ಮ, ಇವರು, ಮೂವರೂ ಸೈನ್ಯದ ಅಧಿಕಾರಿಗಳಾದರು. ಡುಬ್ಬು 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಒಳಗಿನ ಕೋಣೆಗಳಲ್ಲಿ ಅವರ ಬದುಕಿನ ಒಂದೊಂದೇ ಘಟ್ಟ ನೋಡುತ್ತ ಹೋದೆವು. ಮೊಮ್ಮಗನಿಗೆ ಹಿಡಿಸಿದ್ದು ಜೋಜಿ ಲಾ ಕಥೆ. 1948ರಲ್ಲಿ ಶತ್ರುಗಳು ಆ ಕಣಿವೆ ದಾರಿಯನ್ನು ಹಿಡಿದು, ಲೇಹ್‌ಗೆ ಹೋಗುವ ಹಾದಿ ಮುಚ್ಚಿದ್ದರು. ಅದು ಸುಮಾರು 11,500 ಅಡಿ ಎತ್ತರದ ಜಾಗ. ಅಲ್ಲಿಗೆ ಟ್ಯಾಂಕ್ ಬರುತ್ತದೆಂದು ಶತ್ರುಗಳು ಕನಸಿನಲ್ಲೂ ಎಣಿಸಿರಲಿಲ್ಲ. ದಾರಿಯ ಸೇತುವೆಗಳು ಭಾರ ತಡೆಯಲೆಂದು ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ, ಗುಟ್ಟಾಗಿ ಸಾಗಿಸಿದರು. ನವೆಂಬರ್ 1ರಂದು ಅವು ಕಣಿವೆಯೊಳಗೆ ನುಗ್ಗಿದಾಗ ತಿಮ್ಮಯ್ಯನವರೂ ಮುಂಚೂಣಿಯಲ್ಲಿದ್ದರು.

ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ಊರಿಗೆ ಮರಳಲು ಒಪ್ಪದ ಕೈದಿಗಳ ವಿಚಾರ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಇವರೇ ಅಧ್ಯಕ್ಷರು. ಕೊನೆಗೆ ವಿಶ್ವಸಂಸ್ಥೆಯ ಶಾಂತಿಪಡೆಯ ಸೇನಾಪತಿಯಾಗಿ ಸೈಪ್ರಸ್‌ಗೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ದೂರದ ಸೈಪ್ರಸ್ ನೆನೆದ ಮನುಷ್ಯನನ್ನು ನಾನು ಅವರ ಮನೆಯಲ್ಲೇ ನಿಂತು ನೆನೆದಿರಲಿಲ್ಲ!

ಆಮೇಲೆ ಕಚೇರಿ ಬೇರೆಡೆಗೆ ಹೋಯಿತು. ಮನೆಯನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದರು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು.

ವಾಪಸು ಬರುವಾಗ ಕಾರಿನಲ್ಲಿ ನಾನು ಮಾತಾಡಲಿಲ್ಲ. ಮಧುಗಿರಿ ಬೆಟ್ಟದ ಬುಡದಲ್ಲಿ ನನ್ನ ಅಜ್ಜ ಕಟ್ಟಿಸಿದ ಮಣ್ಣುಗೋಡೆಯ ತೊಟ್ಟಿಮನೆ ಇದೆ. ಮಾಳಿಗೆ ಸೋರುತ್ತದೆ, ನಾಲ್ವರು ಪಾಲುದಾರರು. ಕೆಡವುವುದೆಂದು ಎಲ್ಲರೂ ಒಪ್ಪಿ ಆಗಿದೆ. ನಾನೂ ಸಹಿ ಹಾಕಿದ್ದೇನೆ. ಎಲ್ಲ ಮನೆಗಳೂ ಮ್ಯೂಸಿಯಂ ಆಗಲಾರವು. ಆದರೆ ಆ ಮನೆಯಲ್ಲಿ ಏನೇನು ನಡೆಯಿತೆಂದು ಮೊಮ್ಮಕ್ಕಳಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಮರುದಿನವೇ ಅವರನ್ನು ಅಲ್ಲಿಗೆ ಕರೆದೊಯ್ದೆ. ರಾಗಿ ತುಂಬುತ್ತಿದ್ದ ಕಣಜ, ನನ್ನ ತಾಯಿ ಬೀಸುತ್ತಿದ್ದ ಕಲ್ಲು, ಬಿ.ಕಾಂ. ಪರೀಕ್ಷೆಗೆ ಲಾಟೀನು ಇಟ್ಟುಕೊಂಡು ಓದಿದ ಮೂಲೆ, ಎಲ್ಲ ತೋರಿಸಿದೆ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಮನೆಯ ನಕ್ಷೆ ಬರೆದು ಗುರುತು ಹಾಕಿಕೊಂಡಳು. ನಡುಮನೆಯ ಬಾಗಿಲ ಚೌಕಟ್ಟಿನಲ್ಲಿ ನಮ್ಮಪ್ಪ ನಮ್ಮ ಎತ್ತರ ಅಳೆದು ಗೀರಿದ್ದ ಗೆರೆಗಳಿದ್ದವು. ಅವಳು ಬೆನ್ನು ಹಚ್ಚಿ ನಿಂತು, "ತಾತ, ಈ ವಯಸ್ಸಲ್ಲಿ ನೀವು ನನಗಿಂತ ಕುಳ್ಳ!" ಎಂದು ನಕ್ಕಳು.

ಆ ಚೌಕಟ್ಟನ್ನು ಮಾತ್ರ ಕೆಡವುವವರಿಗೆ ಕೊಡುವುದಿಲ್ಲವೆಂದು ತಮ್ಮಂದಿರಿಗೆ ಹೇಳಿದ್ದೇನೆ.

ಮಕ್ಕಳೇ, ಶಿರಾ, ಕೊರಟಗೆರೆ, ಪಾವಗಡ, ನಿಮ್ಮದು ಯಾವ ಊರೇ ಇರಲಿ, ಹಳೆಯ ಕಟ್ಟಡ ಕಂಡರೆ ಇದು ಯಾರ ಮನೆಯಾಗಿತ್ತೆಂದು ಒಮ್ಮೆ ಕೇಳಿ. ಅಜ್ಜ ಅಜ್ಜಿಯರೇ, ಅವರು ಕೇಳುವವರೆಗೆ ಕಾಯಬೇಡಿ.