ಕೆಂಪು ಶಾಯಿ ಕೇಳಿದ ಪ್ರಶ್ನೆ

ಎಂ.ಎ. ಇತಿಹಾಸದ ಮೊದಲ ಸೆಮಿಸ್ಟರ್. ‘ಕರ್ನಾಟಕದ ಕೆರೆಗಳು’ ಎಂಬ ವಿಷಯದ ಮೇಲೆ 12 ಪುಟಗಳ ಅಸೈನ್‌ಮೆಂಟನ್ನು ಒಂದೇ ರಾತ್ರಿಯಲ್ಲಿ ಮುಗಿಸಿದ್ದೆ. ಅಲ್ಲಿಂದ ಎರಡು ಪ್ಯಾರಾ, ಇಲ್ಲಿಂದ ಮೂರು ಪ್ಯಾರಾ. ಕೊನೆಗೆ ‘ನಿರ್ಲಕ್ಷ್ಯದಿಂದ ಕೆರೆಗಳು ಹಾಳಾಗಿವೆ, ಅವನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ’ ಎಂಬ ಮಂಗಳ. 20ಕ್ಕೆ 18 ಗ್ಯಾರಂಟಿ ಅಂದುಕೊಂಡಿದ್ದೆ.

ಮೇಡಂ ಅಂಕ ಹಾಕದೆ ವಾಪಸ್ ಕೊಟ್ಟರು. ‘ನಿರ್ಲಕ್ಷ್ಯ’ ಪದದ ಸುತ್ತ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ, ‘ಯಾರದು? ನಿನಗೆ ಹೇಗೆ ಗೊತ್ತು?’

ಉತ್ತರ ಇರಲಿಲ್ಲ. ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿತ್ತು. ತುಮಕೂರು ಜಿಲ್ಲೆಯ ನಮ್ಮೂರ ಕೆರೆಗೆ ನಮ್ಮ ತಾತನೇ ನೀರುಗಂಟಿಯಾಗಿದ್ದವರು. ತೂಬು ತೆಗೆದು, ಸರದಿ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸಿ, ಸುಗ್ಗಿಯಲ್ಲಿ ಕಣದಿಂದ ತಮ್ಮ ಪಾಲಿನ ಕಾಳು ತರುತ್ತಿದ್ದರು. ನನ್ನ 12 ಪುಟಗಳಲ್ಲಿ ‘ನೀರುಗಂಟಿ’ ಎಂಬ ಪದವೇ ಇರಲಿಲ್ಲ!

‘ವಿಷಯ ಬೇರೆ, ಪ್ರಶ್ನೆ ಬೇರೆ’ ಅಂದರು ಮೇಡಂ. ಕರ್ನಾಟಕದ ಕೆರೆಗಳು ಎಂಬುದು ವಿಷಯ. ಅದಕ್ಕೆ 12 ಪುಸ್ತಕಗಳೂ ಸಾಲವು. ‘ನಮ್ಮೂರ ಗದ್ದೆಗಳಿಗೆ ಕೆರೆ ನೀರು ನಿಂತಿದ್ದೇಕೆ?’ ಎಂಬುದು ಪ್ರಶ್ನೆ. ಇದನ್ನು ಹಿಡಿದು ಹುಡುಕಬಹುದು.

ಊರಿಗೆ ಹೋಗಿ ತಾತನನ್ನು ಕೇಳಿದೆ. ‘ಬೋರು ಬಂತು ಮಗಾ, ಕೆರೆ ನೀರು ಯಾರಿಗೆ ಬೇಕಾಯ್ತು?’ ಅಂದರು. ಉತ್ತರ ಸಿಕ್ಕಿತೆಂದು ಮೇಡಂ ಹತ್ತಿರ ಓಡಿದೆ. ಅವರು ನಕ್ಕರು. ‘ಇದು ಒಂದು ಸಾಕ್ಷಿ. ಬೋರು ಹಾಕಿಸಿದವರನ್ನು ಕೇಳಿದ್ಯಾ?’ ಕೇಳಿದರೆ ದೊಡ್ಡಪ್ಪನದು ಉಲ್ಟಾ ಮಾತು: ‘ಹೂಳು ತುಂಬಿ ಕೆರೇಲಿ ನೀರೇ ನಿಲ್ತಿರ್ಲಿಲ್ಲ. ಅದಕ್ಕೇ ಬೋರು ಹಾಕಿಸಿದ್ವಿ.’

ಹಾಗಾದರೆ ಹಿಂದೆಲ್ಲ ಕೆರೆ ನೋಡಿಕೊಳ್ಳುತ್ತಿದ್ದವರು ಯಾರು? ಲೈಬ್ರರಿಯಲ್ಲಿ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ತೆಗೆದೆ. ತುಮಕೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು, ಸಂಖ್ಯೆ ಸಮೇತ ಅದರಲ್ಲಿವೆ. ಕರ್ನಾಟಕದ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಪದಗಳ ಪರಿಚಯವಾಗಿದ್ದು ಆಗಲೇ. ಕೆರೆ ಕಟ್ಟುವ, ಕಾಪಾಡುವ ಕೆಲಸಕ್ಕೆಂದು ಬಿಟ್ಟುಕೊಟ್ಟ ಭೂಮಿ ಅದು. ಕೆರೆ ಉಳಿಯಬೇಕಾದರೆ ನೋಡಿಕೊಳ್ಳುವವರ ಹೊಟ್ಟೆಪಾಡೂ ನಡೆಯಬೇಕು ಎಂಬುದು ಹಿಂದಿನವರಿಗೆ ಗೊತ್ತಿತ್ತು. ತಾತ ಕಣದಿಂದ ತರುತ್ತಿದ್ದ ಕಾಳಿನ ಅರ್ಥವೂ ಹೊಳೆಯಿತು.

ಎರಡನೇ ಸಲ ಬರೆದಾಗ ಬರೀ ಏಳು ಪುಟ. ಓದಿದ್ದನ್ನೆಲ್ಲ ಪುಟಸಂಖ್ಯೆಯೊಡನೆ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಪ್ಯಾರಾಗೆ ಒಂದೇ ಮಾತು, ಆ ಮಾತಿಗೆ ಆಧಾರ, ಆ ಆಧಾರ ಅಲ್ಲಿ ಯಾಕೆ ಎಂಬ ವಿವರಣೆ. ಬೇರೆಯವರ ಮಾತಿದ್ದರೆ ಅವರ ಹೆಸರು. ತಾತನ ಮಾತಿಗೆ ಎದುರಾದ ದೊಡ್ಡಪ್ಪನ ಮಾತನ್ನೂ ಮುಚ್ಚಿಡಲಿಲ್ಲ. ಪೀಠಿಕೆ ಬರೆದಿದ್ದು ಎಲ್ಲಕ್ಕಿಂತ ಕೊನೆಗೆ. ಏನು ಹೇಳಿದ್ದೇನೆಂದು ಗೊತ್ತಾದ ಮೇಲಲ್ಲವೇ ಏನು ಹೇಳುತ್ತೇನೆಂದು ಬರೆಯುವುದು!

ನನ್ನ ತೀರ್ಮಾನ ಇಷ್ಟು: ಬೋರು ಬಂದಂತೆ ಹೂಳೆತ್ತುವವರು ಕಡಿಮೆಯಾದರು, ಹೂಳು ತುಂಬಿದಂತೆ ಬೋರು ಹೆಚ್ಚಾದವು. ಮೊದಲು ಯಾವುದು ಎಂದು ಹೇಳುವಷ್ಟು ಆಧಾರ ನನ್ನ ಬಳಿ ಇರಲಿಲ್ಲ, ಹಾಗೆಂದೇ ಬರೆದೆ.

ಬಂದಿದ್ದು 14 ಅಂಕ. ರಜೆಯಲ್ಲಿ ತಾತನಿಗೆ ಪೂರ್ತಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ದೊಡ್ಡಪ್ಪ ಹೇಳಿದ್ದೂ ಸುಳ್ಳಲ್ಲ ಬಿಡು’ ಅಂದರು. ಆ ಮಾತು ನನಗೆ ಉಳಿದ ಆರು ಅಂಕಕ್ಕಿಂತ ದೊಡ್ಡದು.