ಡೇರೆ ಗಡ್ಡೆಯ ಚಳಿಗಾಲದ ನಿದ್ದೆ

ಮಲೆನಾಡಿನ ಅಂಗಳಕ್ಕೆ ಮಳೆಗಾಲದ ಕಳೆ ಕಟ್ಟುವುದು ಡೇರೆ ಹೂವು. ಹೂವಿನ ಕಾಲ ಮುಗಿದ ಮೇಲೆ ಗಡ್ಡೆಯನ್ನು ತಂಪು ಮೂಲೆಯಲ್ಲಿ ಮಣ್ಣು, ಮರಳಿನಡಿ ಕಾಪಿಟ್ಟು ಮುಂದಿನ ಮಳೆಗೆ ನೆಡುವುದು ಅಲ್ಲಿನ ಹೆಂಗಸರಿಗೆ ಗೊತ್ತಿರುವ ವಿದ್ಯೆ. ಅಮೆರಿಕದ ಮಿನ್ನೆಸೋಟದಲ್ಲಿ, ಕೆನಡಾದಲ್ಲಿ ಇದೇ ಡೇಲಿಯಾ ಬೆಳೆಸುವವರೂ ಗಡ್ಡೆ ಕಾಪಿಡುತ್ತಾರೆ. ಇಲ್ಲಿ ಬೇಸಿಗೆಯ ಒಣ ಹವೆಯ ಭಯ, ಅಲ್ಲಿ ನೆಲವೇ ಹೆಪ್ಪುಗಟ್ಟುವ ಚಳಿಯ ಭಯ. ಆ ಚಳಿನಾಡಿನಲ್ಲಿ ಎಷ್ಟೋ ಗಡ್ಡೆಗಳು ಹಾಳಾಗುವುದು ತಪ್ಪು ನಂಬಿಕೆಗಳಿಂದ.

ತಪ್ಪು ಕಲ್ಪನೆ: ಟ್ಯುಲಿಪ್ ಹಿಮದಡಿ ಉಳಿಯುತ್ತದೆ, ಡೇರೆಯೂ ಉಳಿಯುತ್ತದೆ.
ಸತ್ಯ: ಟ್ಯುಲಿಪ್‌ನ ಮೂಲ ಮಧ್ಯ ಏಷ್ಯಾದ ಚಳಿ ಬೆಟ್ಟಗಳು. ವಾರಗಟ್ಟಲೆ ಚಳಿ ತಿನ್ನದಿದ್ದರೆ ಅದು ಸರಿಯಾಗಿ ಅರಳುವುದೇ ಇಲ್ಲ. ಡೇರೆಯ ತವರು ಮೆಕ್ಸಿಕೊ. ಚಳಿನಾಡಿನಲ್ಲಿ ಡೇರೆಯಂತೆಯೇ ಕಿತ್ತಿಡುವ ಗ್ಲಾಡಿಯೋಲಸ್‌ನ ತೋಟದ ತಳಿಗಳ ಮೂಲ ಹೆಚ್ಚಾಗಿ ದಕ್ಷಿಣ ಆಫ್ರಿಕಾ. ಎರಡಕ್ಕೂ ಹೆಪ್ಪುಗಟ್ಟುವ ಚಳಿ ಒಗ್ಗದು. ಡೇರೆ ಗಡ್ಡೆಯ ತುಂಬ ನೀರು. ಅದು ಮಂಜುಗಡ್ಡೆಯಾದರೆ ಒಳಗಿನ ಜೀವಕೋಶಗಳು ಒಡೆಯುತ್ತವೆ, ಕರಗಿದಾಗ ಗಡ್ಡೆ ಕೊಳೆತು ಮುದ್ದೆಯಾಗುತ್ತದೆ.

ತಪ್ಪು ಕಲ್ಪನೆ: ಮೊದಲ ಹಿಮ ಬಿದ್ದ ದಿನವೇ ಕೀಳದಿದ್ದರೆ ಗಡ್ಡೆ ಸತ್ತಂತೆ.
ಸತ್ಯ: ಮೊದಲ ಹಿಮಕ್ಕೆ ಕಪ್ಪಾಗುವುದು ಎಲೆ ಮಾತ್ರ. ಮಣ್ಣಿನ ಬಿಸಿ ಅಷ್ಟು ಬೇಗ ಆರುವುದಿಲ್ಲ. ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಒಂದು ವಾರ ಕಾದು, ನೆಲ ಹೆಪ್ಪುಗಟ್ಟುವ ಮೊದಲು ಕಿತ್ತರೆ ಸಾಕು.

ತಪ್ಪು ಕಲ್ಪನೆ: ಯಾವ ಗಡ್ಡೆಯಾದರೂ ಚೆನ್ನಾಗಿ ಒಣಗಿಸಿಯೇ ಇಡಬೇಕು.
ಸತ್ಯ: ಗ್ಲಾಡಿಯೋಲಸ್‌ಗೆ ಈ ಮಾತು ಸರಿ. ಬೆಚ್ಚಗೆ, ಗಾಳಿಯಾಡುವಲ್ಲಿ ಎರಡು ಮೂರು ವಾರ ಒಣಗಿಸಿದರೆ ಬುಡದ ಹಳೆಯ ಗಡ್ಡೆ ಸುಲಭವಾಗಿ ಕಳಚಿಬರುತ್ತದೆ. ಡೇರೆಯ ಸಿಪ್ಪೆ ತೆಳು. ನೆರಳಲ್ಲಿ ಮೈಮೇಲಿನ ತೇವ ಆರಿದೊಡನೆ ಅದನ್ನು ತುಸುವೇ ಪಸೆಯಿರುವ ಮರದ ಹೊಟ್ಟಿನಲ್ಲೋ ವರ್ಮಿಕ್ಯುಲೈಟ್‌ನಲ್ಲೋ ಹುದುಗಿಸಬೇಕು. ಇಲ್ಲವಾದರೆ ಸುಕ್ಕುಗಟ್ಟುತ್ತದೆ.

ತಪ್ಪು ಕಲ್ಪನೆ: ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮನೆಯೊಳಗೆ ಬೆಚ್ಚಗಿಟ್ಟರೆ ಕ್ಷೇಮ.
ಸತ್ಯ: ಗಡ್ಡೆ ಮಲಗಿದ್ದರೂ ಉಸಿರಾಡುತ್ತಿರುತ್ತದೆ. ಬಿಗಿದ ಚೀಲದಲ್ಲಿ ಬೆವತು ಬೂಷ್ಟು ಹಿಡಿಯುತ್ತದೆ. ಹೀಟರ್ ಉರಿಯುವ ಕೋಣೆಯಲ್ಲಿ ಬತ್ತುತ್ತದೆ, ಇಲ್ಲವೇ ಹೊತ್ತಲ್ಲದ ಹೊತ್ತಿನಲ್ಲಿ ಚಿಗುರುತ್ತದೆ. ಡೇರೆಗೆ ಹಿತವಾದದ್ದು 4ರಿಂದ 10 ಡಿಗ್ರಿ ಸೆಲ್ಸಿಯಸ್‌ನ ಕತ್ತಲು ಜಾಗ. ನೆಲಮಾಳಿಗೆಯ ತಂಪು ಮೂಲೆ ಇದಕ್ಕೆ ಒದಗುತ್ತದೆ. ಗ್ಯಾರೇಜಿನಲ್ಲಿ ಇಡುವುದಾದರೆ ಥರ್ಮಾಮೀಟರ್ ತೂಗುಹಾಕಿ ನೋಡಿ: ಸೊನ್ನೆಗಿಂತ ಕೆಳಗಿಳಿದ ಒಂದೇ ರಾತ್ರಿ ಎಲ್ಲವನ್ನೂ ಕೊಲ್ಲಬಹುದು. ಸೇಬಿನ ಬುಟ್ಟಿಯಿಂದಲೂ ದೂರವಿಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಗಡ್ಡೆಗೆ ಆಗದು.

ತಪ್ಪು ಕಲ್ಪನೆ: ಗಡ್ಡೆ ದಪ್ಪಗಿದ್ದರೆ ಚಿಗುರುವುದು ಖಂಡಿತ.
ಸತ್ಯ: ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಕಣ್ಣಿರುವುದು ಕಾಂಡದ ಬುಡಕ್ಕೆ ಅಂಟಿದ ಕತ್ತಿನ ಭಾಗದಲ್ಲಿ ಮಾತ್ರ. ಬೇರ್ಪಡಿಸುವಾಗ ಆ ಬುಡದ ತುಣುಕು ಬಾರದಿದ್ದರೆ ಎಷ್ಟೇ ದಪ್ಪ ಗಡ್ಡೆಯೂ ಚಿಗುರುವುದಿಲ್ಲ. ಕಣ್ಣಿರುವ ಸಣ್ಣ ಗಡ್ಡೆ ಅದಕ್ಕಿಂತ ಮೇಲು.

ತಪ್ಪು ಕಲ್ಪನೆ: ಒಮ್ಮೆ ಎತ್ತಿಟ್ಟರೆ ವಸಂತದವರೆಗೆ ತಿರುಗಿ ನೋಡಬೇಕಿಲ್ಲ.
ಸತ್ಯ: ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ಮುಟ್ಟಿ ನೋಡಿ. ಮೆತ್ತಗಾದದ್ದನ್ನು ಆಗಲೇ ತೆಗೆಯಿರಿ, ಸುಕ್ಕಾದದ್ದಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ. ಹಾಗೆ ನೋಡಿಕೊಂಡ ಗಡ್ಡೆ ಹಿಮದ ಭಯ ಕಳೆದು ಮಣ್ಣು ಬೆಚ್ಚಗಾಗುವ ಹೊತ್ತಿಗೆ ಕಣ್ಣು ಬಿಡಲು ಸಿದ್ಧವಾಗಿರುತ್ತದೆ.