ತೊಟ್ಟಿಮನೆಯ ಜೀರ್ಣೋದ್ಧಾರ: ಬಾಳಿಕೆಯ ಸ್ವರೂಪ ಮತ್ತು ಇಂದಿನ ಸಮಸ್ಯೆ

ಕರ್ನಾಟಕದ ವಾಸ್ತು ಪರಂಪರೆಯ ಅಧ್ಯಯನವು ಬಹುಮಟ್ಟಿಗೆ ದೇವಾಲಯ, ಬಸದಿ, ಕೋಟೆ ಹಾಗೂ ಅರಮನೆಗಳನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದುಬಂದಿದೆ. ಶಾಸನದ ಆಧಾರವಿಲ್ಲದ, ಕಟ್ಟಿದವರ ಹೆಸರೂ ಉಳಿಯದ ವಾಸದ ಮನೆಗೆ ಅಲ್ಲಿ ದೊರೆತಿರುವ ಸ್ಥಾನ ಅಲ್ಪವೇ. ಕರಾವಳಿ ಮತ್ತು ಮಲೆನಾಡಿನ ತೊಟ್ಟಿಮನೆಗಳು ತಲೆಮಾರುಗಳ ಕಾಲ ಬಾಳಿದುದಕ್ಕೆ ಕಾರಣಗಳೇನು, ಇಂದಿನ ದುರಸ್ತಿಯಲ್ಲಿ ಆ ಕಾರಣಗಳೇ ಹೇಗೆ ಇಲ್ಲವಾಗುತ್ತಿವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ನಾಲ್ಕು ಕಡೆಯ ಪಡಸಾಲೆಗಳ ನಡುವೆ ಆಕಾಶಕ್ಕೆ ತೆರೆದಿರುವ ತಗ್ಗಾದ ಅಂಗಳವೇ ತೊಟ್ಟಿ. ಇದನ್ನು ಕೇವಲ ಅಲಂಕಾರವೆಂದು ಭಾವಿಸುವುದು ಸರಿಯಲ್ಲ. ಬಿಸಿಯಾದ ಗಾಳಿಗೆ ಇದು ಹೊರದಾರಿ. ದಪ್ಪ ಗೋಡೆಗಳ ನಡುವಣ ಕೋಣೆಗಳಿಗೆ ಬೆಳಕಿನ ಮೂಲ. ಒಳಮುಖದ ಮಾಡುಗಳಿಂದ ಇಳಿದ ಮಳೆನೀರು ಇಲ್ಲಿ ಸೇರಿ, ನೆಲದಡಿಯ ಕಾಲುವೆಯ ಮೂಲಕ ಹೊರಗೆ ಹರಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಪ್ರದೇಶವನ್ನು ಗಮನಿಸಿದರೆ, ಈ ಕಾಲುವೆಯ ಮಹತ್ವ ಕೆತ್ತನೆಯ ಕಂಬಕ್ಕಿಂತ ಕಡಿಮೆಯದಲ್ಲವೆಂಬುದು ಮನವರಿಕೆಯಾಗುತ್ತದೆ.

ಗೋಡೆಯ ವಿಷಯವೂ ಹೀಗೆಯೇ. ಮಲೆನಾಡಿನ ಮಣ್ಣಿನ ಗೋಡೆಯಾಗಲಿ, ಕರಾವಳಿಯ ಮುರಕಲ್ಲಿನ ಗೋಡೆಯಾಗಲಿ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡಿಯಾಗದು. ಮುಂಚಾಚಿದ ಸೂರು ಮಳೆಯ ಹೊಡೆತವನ್ನು ತಡೆದರೆ, ಎತ್ತರದ ತಳಪಾಯ ನೆಲದ ನೀರನ್ನು ದೂರವಿಡುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಹುಲ್ಲು ಮತ್ತು ನಾಡಹೆಂಚಿನ ಸ್ಥಾನಕ್ಕೆ ಕ್ರಮೇಣ ಮಂಗಳೂರು ಹೆಂಚು ಬಂದಿತು. ಮಾಡಿನ ಹೊದಿಕೆ ಬದಲಾದರೂ ಅದರ ಇಳಿಜಾರು ಮತ್ತು ಸೂರಿನ ತತ್ವ ಬದಲಾಗಲಿಲ್ಲ. ಹೊಸ ವಸ್ತುವನ್ನು ಹಳೆಯ ಮನೆ ಅರಗಿಸಿಕೊಂಡ ಬಗೆಗೆ ಇದು ಉತ್ತಮ ನಿದರ್ಶನ.

ಆದರೆ ಬಾಳಿಕೆಯ ಗುಟ್ಟು ವಸ್ತುವಿನಲ್ಲಿ ಮಾತ್ರವಿರಲಿಲ್ಲ, ಮನೆಮಂದಿಯ ದುಡಿಮೆಯಲ್ಲಿತ್ತು. ಮಳೆಗಾಲಕ್ಕೆ ಮುನ್ನ ಹೆಂಚನ್ನು ಪರಿಶೀಲಿಸಿ ಒಡೆದುದನ್ನು ಬದಲಿಸುವುದು, ಗಾಳಿಮಳೆಯ ಕಡೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು, ಸುಣ್ಣ ಬಳಿಯುವುದು ವರ್ಷವರ್ಷದ ಕಾಯಕವಾಗಿತ್ತು. ಕಟ್ಟಿಗೆ ಒಲೆಯ ಹೊಗೆ ಕಣ್ಣನ್ನು ಉರಿಸಿದರೂ ಮಾಡಿನ ಮರಕ್ಕೆ ಹುಳು ಹಿಡಿಯದಂತೆ ಕಾಯುತ್ತಿತ್ತು. ಅರ್ಥಾತ್, ಜೀರ್ಣೋದ್ಧಾರವೆಂಬುದು ಆ ಮನೆಗಳಲ್ಲಿ ಪ್ರತ್ಯೇಕ ಕಾರ್ಯವಾಗಿರದೆ ದಿನಚರಿಯ ಭಾಗವೇ ಆಗಿತ್ತು.

ಈ ವ್ಯವಸ್ಥೆಯ ಹಿಂದಿದ್ದ ಸಮಾಜ ಇಪ್ಪತ್ತನೆಯ ಶತಮಾನದಲ್ಲಿ ಬದಲಾಯಿತು. 1949ರ ಮದರಾಸು ಅಳಿಯಸಂತಾನ ಕಾಯಿದೆ ತುಳುನಾಡಿನ ಅವಿಭಕ್ತ ಕುಟುಂಬಗಳ ಪಾಲಿಗೆ ದಾರಿ ಮಾಡಿಕೊಟ್ಟಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಆದಾಯ ನಿಂತಿತು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ ಸರಿ. ಆದರೆ ಹಲವರ ದುಡಿಮೆಯಿಂದ ನಿಂತಿದ್ದ ದೊಡ್ಡ ಮನೆಗಳು ಇಬ್ಬರು ಮೂವರು ವೃದ್ಧರ ಪಾಲಿಗೆ ಉಳಿದವು. ಕೆಲವು ಮನೆಗಳ ಕಂಬ, ಬಾಗಿಲುಗಳು ಬಿಡಿಬಿಡಿಯಾಗಿ ಮಾರಾಟವಾದವು. ವಿಜಯನಾಥ ಶೆಣೈಯವರು ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಇಂತಹ ಮನೆಗಳನ್ನು ಮರುಜೋಡಿಸಿ ಉಳಿಸಿದುದು ಸ್ಮರಣೀಯ ಕಾರ್ಯ. ಆದರೆ ಅಲ್ಲಿ ಉಳಿದದ್ದು ಕಟ್ಟಡ. ಒಕ್ಕಲಿರುವ ಮನೆಯ ಪ್ರಶ್ನೆ ಬೇರೆಯೇ.

ಒಕ್ಕಲಿರುವ ಮನೆಗಳ ದುರಸ್ತಿಯಲ್ಲಿ ಮೂರು ತಪ್ಪುಗಳು ಸಾಮಾನ್ಯ. ಮೊದಲನೆಯದು, ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡುವುದು. ಇದರಿಂದ ತೇವ ಒಳಗೇ ಉಳಿದು ಗೋಡೆಯ ಬುಡ ಮೆತ್ತಗಾಗುತ್ತದೆ. ಮೇಲೆ ಗಟ್ಟಿಯಾಗಿ ಕಾಣುವುದರಿಂದ ಹಾನಿ ತಿಳಿಯುವಾಗ ತಡವಾಗಿರುತ್ತದೆ. ಎರಡನೆಯದು, ತೊಟ್ಟಿಗೆ ತಗಡು ಹೊದಿಸಿ ಗಾಳಿಯ ದಾರಿಯನ್ನು ಮುಚ್ಚುವುದು. ಮೂರನೆಯದು, ಒಂದು ಪಾರ್ಶ್ವದ ಮಾಡನ್ನು ಕಿತ್ತು ಹಳೆಯ ಗೋಡೆಯ ಮೇಲೆಯೇ ಕಾಂಕ್ರೀಟ್ ತಾರಸಿ ಹಾಕುವುದು. ಭಾರಕ್ಕೆ ಗೋಡೆ ಬಿರಿಯುತ್ತದೆ, ಕೂಡುವಲ್ಲಿ ನೀರು ಸೋರುತ್ತದೆ.

ಆದ್ದರಿಂದ ಮಾಡು ಮತ್ತು ನೀರಿನ ಹರಿವು ಮೊದಲು, ಗೋಡೆ ಅನಂತರ, ಅಂದಚಂದ ಕಡೆಗೆ ಎಂಬ ಕ್ರಮ ಉಚಿತ. ಹೊಗೆಯಿಲ್ಲದ ಅಡುಗೆಮನೆ ಇಂದು ಅಗತ್ಯವೇ; ಹಾಗಿರುವಾಗ ಮಾಡಿನ ಮರವನ್ನು ಕಾಲಕಾಲಕ್ಕೆ ಪರೀಕ್ಷಿಸುವ ಹೊಣೆಯನ್ನು ಬೇರೆ ಬಗೆಯಲ್ಲಿ ಹೊರಬೇಕು. ಸ್ನಾನಗೃಹ, ಶೌಚಾಲಯಗಳನ್ನು ಮೂಲ ಗೋಡೆಗೆ ತೇವ ತಗಲದಂತೆ ಹಿಂಬದಿಗೆ ಪ್ರತ್ಯೇಕವಾಗಿ ಸೇರಿಸಬಹುದು. ಇಂತಹ ಹೊಸ ಗೋಡೆಗಳಿಗೆ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬೆಳೆಸಿದ ಒತ್ತಿದ ಮಣ್ಣಿನ ಇಟ್ಟಿಗೆ ಗಮನಾರ್ಹವಾದ ಆಯ್ಕೆ. ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ ಈ ಇಟ್ಟಿಗೆಗೆ ಸುಡುವ ಉರುವಲು ಬೇಡ.

ಒಂದು ತೊಟ್ಟಿಮನೆ ಇನ್ನೊಂದರಂತಿಲ್ಲ. ನೆಲದ ಇಳಿಜಾರು, ದೊರೆತ ಮರ, ಕುಟುಂಬದ ಗಾತ್ರ, ಬಡಗಿಯ ಕೈವಾಡಗಳಿಗೆ ತಕ್ಕಂತೆ ಪ್ರತಿಯೊಂದೂ ತನ್ನ ರೂಪವನ್ನು ಪಡೆದಿದೆ. ಈ ಕಾರಣದಿಂದ, ಯಾವುದೇ ಮನೆಯನ್ನು ಮುಟ್ಟುವ ಮೊದಲು ಅದರ ಅಳತೆ, ನಕ್ಷೆ ಹಾಗೂ ಭಾಗಗಳ ಸ್ಥಳೀಯ ಹೆಸರುಗಳನ್ನು ದಾಖಲಿಸುವುದು ಅವಶ್ಯ. ತೊಲೆ, ಜಂತೆ, ಬೋದಿಗೆಗಳನ್ನು ಹೆಸರಿಡಿದು ಗುರುತಿಸುವ ಬಡಗಿಗಳು ವಿರಳವಾಗುತ್ತಿದ್ದಾರೆ. ಕಳಚಿಹೋದ ಮನೆಯೊಂದಿಗೆ ಆ ಶಬ್ದಸಂಪತ್ತೂ ಅದರ ಹಿಂದಿನ ತಿಳಿವಳಿಕೆಯೂ ಅಳಿಯುತ್ತವೆ. ಈ ದಾಖಲಾತಿಯ ಕಾರ್ಯ ಸಂಶೋಧಕರ ಆದ್ಯತೆಯಾಗಬೇಕಾಗಿದೆ.